ದವಡೆ ನೋವಿಗೆ ಯಾವ ಸೂಜಿ?

ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆ. ಕಟಕ ರೊಟ್ಟಿ ಅಗಿದರೆ ಕೆನ್ನೆಯಿಂದ ಕಿವಿಯವರೆಗೆ ನೋವು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ಕಬ್ಬು ಸಿಗಿದು ತಿನ್ನುವ ಆಸೆಯನ್ನೂ ಬಿಡಬೇಕಾಗುತ್ತದೆ. ಆಗ ಬರುವ ಮಾತು ಒಂದೇ: "ಡಾಕ್ಟರ್ ಸಾಹೇಬ್ರ, ಒಂದು ಸೂಜಿ ಮಾಡ್ರಿ."

ಹಲ್ಲು ಚೆನ್ನಾಗಿದ್ದೂ ಬರುವ ಇಂತಹ ನೋವು ಹೆಚ್ಚಾಗಿ ಅಗಿಯುವ ಸ್ನಾಯುಗಳದು. ಇದಕ್ಕೆ ಕೊಡುವ ಸೂಜಿಗಳಲ್ಲಿ ಮೂರು ಬಗೆ ಮುಖ್ಯ.

ಒಂದು, ಔಷಧವಿಲ್ಲದ ಒಣ ಸೂಜಿ. ಸ್ನಾಯು ಗಂಟುಕಟ್ಟಿದ ಜಾಗಕ್ಕೆ ತೆಳುವಾದ ಸೂಜಿ ಚುಚ್ಚಿ ಅದನ್ನು ಸಡಿಲಿಸುತ್ತಾರೆ.

ಎರಡು, ಅದೇ ಜಾಗಕ್ಕೆ ಲಿಗ್ನೋಕೇಯ್ನ್ ಎಂಬ ಮರಗಟ್ಟಿಸುವ ಔಷಧ. ಮರಗಟ್ಟುವಿಕೆ ಒಂದೆರಡು ಗಂಟೆ ಮಾತ್ರ. ಆದರೂ ಕೆಲವರಿಗೆ ದಿನಗಟ್ಟಲೆ ಆರಾಮ ಸಿಗುತ್ತದೆ. ಗುಣ ಕೊಡುವುದು ಔಷಧಕ್ಕಿಂತ ಚುಚ್ಚುವಿಕೆಯೇ ಎಂದು ಝೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದಿದ್ದರು. ಔಷಧವಿದ್ದರೆ ಚುಚ್ಚಿದ ನಂತರದ ನೋವು ಕಡಿಮೆ.

ಮೂರು, ಬೊಟಾಕ್ಸ್. ಇದು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಪರಿಣಾಮ ಕೆಲವು ದಿನಗಳಲ್ಲಿ ಶುರುವಾಗಿ ಮೂರ್ನಾಲ್ಕು ತಿಂಗಳು ಇರುತ್ತದೆ. ಬೆಲೆ ದುಬಾರಿ. ಅಗಿಯುವ ಶಕ್ತಿ ಕುಗ್ಗಬಹುದು, ನಗು ಸೊಟ್ಟಗಾಗಬಹುದು. ಬರಿಯ ಉಪ್ಪುನೀರಿನ ಸೂಜಿಗಿಂತ ಇದು ಹೆಚ್ಚು ಗುಣ ಕೊಡಲಿಲ್ಲವೆಂದು ಕೆಲವು ಪರೀಕ್ಷೆಗಳು ತೋರಿಸಿವೆ. ಗರ್ಭಿಣಿಯರಿಗೆ ಇದು ಬೇಡ.

ಹಾಗಾದರೆ ಯಾವುದು ಮೇಲು? ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2023ರಲ್ಲಿ ಬಂದ ಮಾರ್ಗದರ್ಶಿಯು ಹಳೆಯ ದವಡೆ ನೋವಿಗೆ ವ್ಯಾಯಾಮ, ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ ಮತ್ತು ಮನಸ್ಸಿನ ಒತ್ತಡಕ್ಕೆ ಸಮಾಲೋಚನೆಯನ್ನು ಮುಂದಿಟ್ಟಿತು. ಬೊಟಾಕ್ಸನ್ನು ಸಾಮಾನ್ಯವಾಗಿ ಬೇಡವೆಂದಿತು. ಮೆತ್ತಗಿನ ಊಟ, ಬಿಸಿ ಬಟ್ಟೆಯ ಶಾಖ ನೀವೂ ಮಾಡಿಕೊಳ್ಳಬಹುದು. ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ.

ಸೂಜಿಗೆ ಮೊದಲು ಕನ್ನಡಿಯ ಮುಂದೆ ಬಾಯಿ ತೆರೆಯಿರಿ. ನಿಮ್ಮ ಮೂರು ಬೆರಳು ಜೋಡಿಸಿ ಮೇಲಿನ, ಕೆಳಗಿನ ಮುಂದಲೆ ಹಲ್ಲುಗಳ ನಡುವೆ ಉದ್ದುದ್ದಕ್ಕೆ ಇಡಿ. ಹಿಡಿಸದಿದ್ದರೆ ಎಚ್ಚರ. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಈ ಮಾತು ಇನ್ನೂ ಮುಖ್ಯ. ಗುಟ್ಕಾ, ಮಾವಾ, ಸುಪಾರಿ ಜಗಿಯುವವರ ಬಾಯಿಯ ಒಳಚರ್ಮ ನಾರುಗಟ್ಟಿ ಬಿಗಿಯುತ್ತದೆ. ಖಾರ ತಗುಲಿದರೆ ಉರಿ, ಒಳಗೆನ್ನೆ ಬಿಳಿಚುವುದು ಇದರ ಲಕ್ಷಣ. ಮುಖ್ಯ ಕಾರಣ ಅಡಿಕೆ. "ನಾನು ತಂಬಾಕು ಹಾಕೋದಿಲ್ಲ" ಎಂದು ನಿಶ್ಚಿಂತರಾಗಬೇಡಿ. ಇದಕ್ಕೆ ಕೊಡುವ ಸೂಜಿಯೇ ಬೇರೆ: ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್. ಅದೂ ಜಗಿಯುವುದನ್ನು ಬಿಟ್ಟರೆ ಮಾತ್ರ ಉಪಯೋಗ. ಇದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ್ದರಿಂದ, ಸ್ನಾಯು ನೋವೆಂದು ತಿಳಿದು ಕಳೆದ ತಿಂಗಳುಗಳು ಮರಳಿ ಬಾರವು.

ಎರಡು ವಾರದಲ್ಲಿ ಮಾಯದ ಬಾಯಿಹುಣ್ಣನ್ನು ದಂತವೈದ್ಯರಿಗೆ ತೋರಿಸಿ. ಎದೆ ಭಾರ, ಬೆವರಿನೊಂದಿಗೆ ದವಡೆ ನೋವು ಬಂದರೆ ಅದು ಹೃದಯದ್ದಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ. ಯಾವ ಸೂಜಿ ಎಂದು ಕೇಳುವ ಮೊದಲು, ಯಾವ ನೋವು ಎಂದು ಕೇಳಿ.