ಯುದ್ಧವಾಹನ ಸೇನೆಯದ್ದು, ಅದರ ಕೋಡ್ ಯಾರದ್ದು?

ಯುದ್ಧವಾಹನ ಅಂದ್ರೆ ನಮಗೆ ನೆನಪಾಗೋದು ದಪ್ಪ ಉಕ್ಕು, ಉದ್ದನೆಯ ಫಿರಂಗಿ. ಆದರೆ ಇವತ್ತಿನ ವಾಹನದಲ್ಲಿ ಗುರಿ ಹಿಡಿಯುವುದು, ಎಂಜಿನ್ ಮೇಲೆ ಕಣ್ಣಿಡುವುದು, ಪಕ್ಕದ ವಾಹನಕ್ಕೆ ಮಾಹಿತಿ ಕಳಿಸುವುದು ಎಲ್ಲದರಲ್ಲೂ ಸಾಫ್ಟ್‌ವೇರ್ ಇದೆ. ಅದರಲ್ಲಿ ದೊಡ್ಡ ಪಾಲನ್ನು ಬರೆಯುವವರು ಗುತ್ತಿಗೆ ಕಂಪನಿಗಳ ಎಂಜಿನಿಯರ್‌ಗಳು.

ಅದರಲ್ಲೇನು ತಪ್ಪು ಅಂತೀರಾ? ಗುತ್ತಿಗೆ ಕೊಡೋದೇ ತಪ್ಪಲ್ಲ. ಕೆಲಸದ ಜೊತೆಗೆ ಉಸ್ತುವಾರಿಯನ್ನೂ ಕೊಟ್ಟುಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ‘ಫ್ಯೂಚರ್ ಕಾಂಬ್ಯಾಟ್ ಸಿಸ್ಟಮ್ಸ್’ ಯೋಜನೆ ಒಂದು ದುಬಾರಿ ಪಾಠ.

2003ರಲ್ಲಿ ಈ ಯೋಜನೆ ಅಭಿವೃದ್ಧಿ ಹಂತಕ್ಕೆ ಬಂತು. ಹಗುರ ವಾಹನಗಳು, ಡ್ರೋನ್‌ಗಳು, ರೋಬೋಗಳು ಎಲ್ಲವನ್ನೂ ಒಂದೇ ನೆಟ್‌ವರ್ಕ್‌ಗೆ ಜೋಡಿಸಬೇಕಿತ್ತು. ಶತ್ರು ಎಲ್ಲಿದ್ದಾನೆ ಅಂತ ಮೊದಲೇ ಗೊತ್ತಾದರೆ ದಪ್ಪ ರಕ್ಷಾಕವಚ ಯಾಕೆ ಬೇಕು ಅನ್ನೋದು ಸೇನೆಯ ಲೆಕ್ಕಾಚಾರ. ಅಂದ್ರೆ, ಉಕ್ಕಿನ ಜಾಗಕ್ಕೆ ಕೋಡ್ ಬಂತು.

ಇಡೀ ಯೋಜನೆಯ ಹೊಣೆ ಹೊತ್ತದ್ದು ಬೋಯಿಂಗ್ ಮತ್ತು ಎಸ್‌ಎಐಸಿ. ವಿನ್ಯಾಸ ರೂಪಿಸುವುದು, ಉಪಗುತ್ತಿಗೆದಾರರನ್ನು ಆರಿಸುವುದು, ಅವರ ಕೆಲಸ ನೋಡಿಕೊಳ್ಳುವುದು ಎಲ್ಲದರಲ್ಲೂ ಸೇನೆಯ ಪಕ್ಕದಲ್ಲೇ ಕಂಪನಿ ಕೂತಿತ್ತು. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕನ ಪಕ್ಕ ಕುರ್ಚಿ ಹಾಕಿಕೊಂಡ ಹಾಗೆ.

ಫಲಿತಾಂಶ? ಶುರುವಿನಲ್ಲಿ ಸುಮಾರು 3.4 ಕೋಟಿ ಸಾಲು ಕೋಡ್ ಸಾಕು ಅಂದಿದ್ದರು. 2008ರ ಹೊತ್ತಿಗೆ ಅಂದಾಜು 9.5 ಕೋಟಿ ದಾಟಿತು. ಏನು ಬೇಕು ಅನ್ನೋದೇ ಸ್ಪಷ್ಟವಾಗಿಲ್ಲ, ಹೇಳಿದ್ದೂ ತಡವಾಗಿ ಬರುತ್ತೆ ಎಂದು ಕೋಡ್ ಬರೆಯುವವರೇ ದೂರಿದ್ದನ್ನು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಆ ವರ್ಷ ದಾಖಲಿಸಿತು. ಇತ್ತ ಇರಾಕ್‌ನಲ್ಲಿ ಸೈನಿಕರನ್ನು ಕೊಲ್ಲುತ್ತಿದ್ದದ್ದು ರಸ್ತೆಬದಿಯ ಬಾಂಬ್. ಅದರೆದುರು ಮಾಹಿತಿ ರಕ್ಷಾಕವಚ ಆಗಲ್ಲ. 2009ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ವಾಹನಗಳ ಯೋಜನೆಯನ್ನೇ ರದ್ದು ಮಾಡಿದರು. ಅಷ್ಟರಲ್ಲಿ ಸುಮಾರು 18 ಶತಕೋಟಿ ಡಾಲರ್ ಖರ್ಚಾಗಿತ್ತು. ಇಂಥ ಹೊಸ ಗುತ್ತಿಗೆಗಳಿಗೆ ಅಮೆರಿಕ ಸಂಸತ್ತು ಕಾನೂನಿನ ಕಡಿವಾಣವನ್ನೂ ಹಾಕಿತು.

ಕೋಡ್ ಕೈಯಲ್ಲಿಲ್ಲದಿದ್ದರೆ ತೊಂದರೆ ವಾಹನ ಬಂದ ಮೇಲೂ ಮುಗಿಯಲ್ಲ. ದೋಷ ಕಂಡರೆ ಸೇನೆಯ ಮೆಕ್ಯಾನಿಕ್ ಕೂಡ ಕಂಪನಿಗೆ ಕಾಯಬೇಕು. ಅದಕ್ಕೇ 2025ರ ಏಪ್ರಿಲ್‌ನಲ್ಲಿ, ಗುತ್ತಿಗೆಗಳಲ್ಲಿ ‘ರಿಪೇರಿ ಹಕ್ಕು’ ಸೇರಿಸಿ ಎಂಬ ಆದೇಶ ಅಮೆರಿಕದ ಸೇನೆಗೆ ಹೋಯಿತು.

ನಮಗೇನು ಸಂಬಂಧ? ಬೋಯಿಂಗ್‌ನ 43 ಎಕರೆ ಎಂಜಿನಿಯರಿಂಗ್ ಕ್ಯಾಂಪಸ್ 2024ರಿಂದ ದೇವನಹಳ್ಳಿಯಲ್ಲಿದೆ. ಬಿಇಎಲ್, ಡಿಆರ್‌ಡಿಒ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಭಾರತದ 2020ರ ರಕ್ಷಣಾ ಖರೀದಿ ನೀತಿಯಲ್ಲಿ ಅಗ್ರ ಆದ್ಯತೆಯ ವರ್ಗಕ್ಕೆ ಕನಿಷ್ಠ 50% ಸ್ವದೇಶಿ ಅಂಶ ಬೇಕು. ಅದು ವೆಚ್ಚದ ಲೆಕ್ಕ. ಸೋರ್ಸ್ ಕೋಡ್ ಯಾರ ಕೈಯಲ್ಲಿದೆ ಅನ್ನೋದು ಅಷ್ಟರಿಂದಲೇ ಗೊತ್ತಾಗಲ್ಲ.

ಹಾಗಾಗಿ ಮುಂದಿನ ಸಲ ‘ಸ್ವದೇಶಿ’ ಯುದ್ಧವಾಹನದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ: ಕೋಡ್ ಬರೆದವರು ಯಾರು? ಅದನ್ನು ಪರೀಕ್ಷಿಸಿದವರು ಬೇರೆಯವರೇ? ಕಂಪನಿ ಬಾಗಿಲು ಮುಚ್ಚಿದರೆ, ನಮ್ಮವರು ಅದನ್ನು ತಿದ್ದಬಲ್ಲರೇ? ದುಡ್ಡು ನಮ್ಮದು, ಒಳಗೆ ಕೂರುವ ಸೈನಿಕರೂ ನಮ್ಮವರು. ಕೇಳೋದು ದೇಶದ್ರೋಹವಲ್ಲ.