ನಾಲ್ಕು ಸಾಕು, ಆರು ಬೇಕು

ಎನ್ವಿಡಿಯಾ ಕಂಪನಿ 2022ರಲ್ಲಿ ಪ್ರಕಟಿಸಿದ ಡಿಜಿಎಕ್ಸ್ ಎಚ್100 ಸರ್ವರ್ ಕೃತಕ ಬುದ್ಧಿಮತ್ತೆಯ ಭಾರೀ ಲೆಕ್ಕಗಳಿಗೆಂದೇ ತಯಾರಾದ ಯಂತ್ರ. ಒಂದೇ ಪೆಟ್ಟಿಗೆಯೊಳಗೆ ಎಂಟು ಜಿಪಿಯುಗಳು. ಕೆಲಸ ಬಿರುಸಾದಾಗ ಅದು 10.2 ಕಿಲೋವಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ. ಅಷ್ಟನ್ನೂ ಒದಗಿಸಲು ತಲಾ 3.3 ಕಿಲೋವಾಟಿನ ಆರು ಪವರ್ ಸಪ್ಲೈಗಳನ್ನು ಅದಕ್ಕೆ ಅಳವಡಿಸಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಮೂರು ಸಾಲುವುದಿಲ್ಲ, ನಾಲ್ಕು ಸಾಕು. ಉಳಿದ ಎರಡು ಯಾವುದಾದರೂ ಕೆಟ್ಟಾಗ ಹೆಗಲು ಕೊಡಲು ಇರುವಂಥವು.

ಆದರೆ ಆ ಎರಡು ಸುಮ್ಮನೆ ಕುಳಿತಿರುವುದಿಲ್ಲ. ಆರೂ ಸೇರಿ ಭಾರ ಹಂಚಿಕೊಳ್ಳುತ್ತವೆ. ಆಗ ಒಂದೊಂದರ ಪಾಲಿಗೆ ಬರುವುದು ಸುಮಾರು 1.7 ಕಿಲೋವಾಟ್, ಎಂದರೆ ಅದರ ಸಾಮರ್ಥ್ಯದ ಅರ್ಧ. ಪವರ್ ಸಪ್ಲೈ ಅತಿ ಕಡಿಮೆ ವಿದ್ಯುತ್ ಪೋಲು ಮಾಡುವುದು ಈ ಅರ್ಧ ಭಾರದ ಆಸುಪಾಸಿನಲ್ಲೇ. ಎರಡು ಕೈಕೊಟ್ಟರೆ ಉಳಿದ ನಾಲ್ಕರ ಮೇಲೆ ಬೀಳುವುದು ಶೇ 77ರಷ್ಟು ಭಾರ, ಕಷ್ಟವೇನಿಲ್ಲ. ಸುರಕ್ಷತೆ ಮತ್ತು ಉಳಿತಾಯ ಇಲ್ಲಿ ಒಂದೇ ಲೆಕ್ಕದಲ್ಲಿ ಕೂಡಿ ಬಂದಿವೆ. ಎಲ್ಲ ಸರ್ವರ್‌ಗಳಿಗೂ ಈ ಅನುಕೂಲ ಇರುವುದಿಲ್ಲ.

ಸಾಮಾನ್ಯ ಸರ್ವರ್‌ನಲ್ಲಿ ಇರುವುದು ಎರಡೇ ಪವರ್ ಸಪ್ಲೈ. ಒಂದು ಹೋದರೆ ಇನ್ನೊಂದು ಒಂಟಿಯಾಗಿ ಇಡೀ ಯಂತ್ರವನ್ನು ನಡೆಸಬೇಕು. ಹಾಗಾಗಿ ಎರಡೂ ಚೆನ್ನಾಗಿರುವ ದಿನಗಳಲ್ಲಿ ಯಾವುದರ ಮೇಲೂ ಅರ್ಧಕ್ಕಿಂತ ಹೆಚ್ಚು ಭಾರ ಇರುವಂತಿಲ್ಲ. ಸರ್ವರ್ ಯಾವಾಗಲೂ ತುಂಬಿದ ಕೆಲಸದಲ್ಲಿರುವುದೂ ಇಲ್ಲ. ಅವು ನಿಜವಾಗಿ ಹೊರುವುದು ಎಷ್ಟೋ ವೇಳೆ ಶೇ 20 ಅಥವಾ ಅದಕ್ಕೂ ಕಡಿಮೆ. ದಕ್ಷತೆ ಕುಸಿಯುವುದು ಅಲ್ಲಿಯೇ. ಫ್ಯಾನ್ ತಿರುಗಲು, ನಿಯಂತ್ರಣ ಮಂಡಲ ಎಚ್ಚರವಾಗಿರಲು, ಟ್ರಾನ್ಸ್‌ಫಾರ್ಮರಿನ ತಿರುಳು ಕಾಂತೀಯವಾಗಿ ಹಿಂದೆ ಮುಂದೆ ಹೊರಳಲು ಬೇಕಾದ ಶಕ್ತಿ ಭಾರ ಇಳಿದಷ್ಟಕ್ಕೆ ಇಳಿಯುವುದಿಲ್ಲ. ಭಾರ ವಿಪರೀತ ಏರಿದರೆ ಬೇರೆ ತೊಂದರೆ: ತಂತಿಯಲ್ಲಿ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ.

2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಪ್ರಮಾಣಪತ್ರ ವ್ಯವಸ್ಥೆ ಈ ಗುಣವನ್ನೇ ಅಳೆಯುತ್ತದೆ. ಸರ್ವರ್‌ಗಳ ಪವರ್ ಸಪ್ಲೈಗೆ ಗೋಲ್ಡ್ ದರ್ಜೆ ಸಿಗಬೇಕಾದರೆ ಶೇ 20 ಭಾರದಲ್ಲಿ ಶೇ 88 ದಕ್ಷತೆ ಇರಬೇಕು. ಟೈಟಾನಿಯಂ ದರ್ಜೆಗೆ ಶೇ 94. ಟೈಟಾನಿಯಂನಲ್ಲಿ ಬರೀ ಶೇ 10 ಭಾರದಲ್ಲೂ ಶೇ 90 ತಲುಪಬೇಕೆಂಬ ಷರತ್ತಿದೆ. ತಲಾ 2000 ವಾಟಿನ ಎರಡು ಪವರ್ ಸಪ್ಲೈಗಳಿರುವ ಸರ್ವರ್ 800 ವಾಟ್ ಬಳಸುತ್ತಿದೆ ಎನ್ನಿ. ಗೋಲ್ಡ್ ಆದರೆ ಬಿಸಿಯಾಗಿ ಹೋಗುವುದು 109 ವಾಟ್, ಟೈಟಾನಿಯಂ ಆದರೆ 51. ಹಗಲೂ ರಾತ್ರಿ ನಡೆಯುವ ಒಂದೇ ಸರ್ವರ್‌ನಲ್ಲಿ ವರ್ಷಕ್ಕೆ 500 ಯೂನಿಟ್ ವ್ಯತ್ಯಾಸ. ಆ ಬಿಸಿಯನ್ನು ಹೊರಹಾಕುವ ಹವಾನಿಯಂತ್ರಣದ ಖರ್ಚು ಇದರ ಮೇಲೆ.

ಎರಡು ಪವರ್ ಸಪ್ಲೈಗಳ ತಂತಿಯನ್ನು ಒಟ್ಟು ಸೇರಿಸಿದರೆ ಕೆಲಸ ಮುಗಿಯಿತು ಎನ್ನುವಂತೆಯೂ ಇಲ್ಲ. ಒಂದರ ಒಳಗೆ ಶಾರ್ಟ್ ಆದರೆ ಅದು ಇನ್ನೊಂದರ ಪ್ರವಾಹವನ್ನೂ ತನ್ನೊಳಗೆ ಎಳೆದುಕೊಂಡು ಇಡೀ ಸರ್ವರನ್ನು ಮಲಗಿಸುತ್ತದೆ. ಇದನ್ನು ತಡೆಯಲು ಪ್ರತಿಯೊಂದರ ಬಾಗಿಲಲ್ಲಿ ಒಮ್ಮುಖದ ಕಾವಲು ಬೇಕು. ಸರಳ ಉಪಾಯ ಡಯೋಡ್. ಆದರೆ ಪವರ್ ಸಪ್ಲೈ ಸರ್ವರ್‌ಗೆ ಕೊಡುವ 12 ವೋಲ್ಟ್‌ನಲ್ಲಿ 1200 ವಾಟ್ ಎಂದರೆ 100 ಆಂಪಿಯರ್. ಡಯೋಡ್ ಅರ್ಧ ವೋಲ್ಟ್ ನುಂಗಿದರೂ 50 ವಾಟ್ ಅಲ್ಲೇ ಮಾಯ. ಟೈಟಾನಿಯಂ ದರ್ಜೆಯ ಆಸೆಯನ್ನು ಬಿಟ್ಟಂತೆಯೇ. ಅದಕ್ಕಾಗಿ ಡಯೋಡಿನ ಬದಲು ಮಾಸ್‌ಫೆಟ್ ಎಂಬ ವಿದ್ಯುನ್ಮಾನ ಸ್ವಿಚ್ ಬಳಸುತ್ತಾರೆ. ಅದರ ರೋಧ 1 ಮಿಲಿಓಮ್ ಇದ್ದರೆ ನಷ್ಟ 10 ವಾಟ್ ಮಾತ್ರ, ಎರಡನ್ನು ಸಮಾಂತರವಾಗಿ ಜೋಡಿಸಿದರೆ 5. ಆದರೆ ಮಾಸ್‌ಫೆಟ್‌ಗೆ ದಿಕ್ಕು ತಾನಾಗಿ ತಿಳಿಯದು. ಪ್ರವಾಹ ಹಿಮ್ಮುಖವಾದದ್ದನ್ನು ಗುರುತಿಸಿ ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ ಬಾಗಿಲು ಮುಚ್ಚುವ ಚಿಪ್ ಒಂದು ಅದರ ಪಕ್ಕದಲ್ಲೇ ಇರಬೇಕು. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಭಾಗ ಇದು.

ಭಾರ ಹಂಚಿಕೆಯೂ ಸೂಕ್ಷ್ಮದ ಕೆಲಸ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದೆ ನುಗ್ಗಿದರೆ ಗಾಡಿಯ ಭಾರವೆಲ್ಲ ಅದರ ಹೆಗಲಿಗೇ ಬೀಳುತ್ತದೆ; ವೋಲ್ಟೇಜ್ ಕೂದಲೆಳೆಯಷ್ಟು ಹೆಚ್ಚಿರುವ ಪವರ್ ಸಪ್ಲೈಯ ಪಾಡೂ ಅದೇ. ಅದು ಹೆಚ್ಚು ಬಿಸಿಯಾಗಿ ಬೇಗ ಮುದಿಯಾಗುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಅಂದಾಜು. ಆದ್ದರಿಂದ ಎಲ್ಲವೂ ತಮ್ಮನ್ನು ಬೆಸೆಯುವ ಒಂದು ತಂತಿಯ ಮೂಲಕ ತಾವು ಹೊತ್ತಿರುವ ಪಾಲನ್ನು ಪರಸ್ಪರ ತಿಳಿಸುತ್ತಾ ಸರಿದೂಗಿಸಿಕೊಳ್ಳುತ್ತವೆ.

ಕೆಲಸ ತೀರಾ ಕಡಿಮೆ ಇರುವಾಗ ಒಂದನ್ನು ಮಲಗಿಸಿ ಇನ್ನೊಂದಕ್ಕೇ ಭಾರ ಒಪ್ಪಿಸುವ ಪದ್ಧತಿಯೂ ಇದೆ. ಮೇಲಿನ 800 ವಾಟಿನ ಲೆಕ್ಕದಲ್ಲಿ ಎಚ್ಚರವಿರುವ ಪವರ್ ಸಪ್ಲೈಯ ಭಾರ ಶೇ 40ಕ್ಕೆ ಏರಿ, ದಕ್ಷತೆ ತನ್ನ ಶಿಖರದ ಹತ್ತಿರ ಬರುತ್ತದೆ. ಮಲಗಿರುವುದು ತನ್ನ ಒಳಗಿನ ದೊಡ್ಡ ಕೆಪಾಸಿಟರನ್ನು ಸುಮಾರು 400 ವೋಲ್ಟ್‌ನಲ್ಲಿ ತುಂಬಿಟ್ಟುಕೊಂಡೇ ಇರುತ್ತದೆ. ಸಂಗಾತಿ ಕೈಬಿಟ್ಟು 12 ವೋಲ್ಟ್ ಕುಸಿಯತೊಡಗಿದರೆ, ಸರ್ವರ್‌ಗೆ ಅರಿವಾಗುವ ಮೊದಲೇ ಅದು ಎದ್ದು ಭಾರ ಹಿಡಿಯಬೇಕು. ಮೇನ್ಸ್ ಕರೆಂಟ್ ಕ್ಷಣಕಾಲ ಹೋದಾಗ ಕಾಯುವುದೂ ಇದೇ ಕೆಪಾಸಿಟರ್. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತನ 20 ಮಿಲಿಸೆಕೆಂಡ್. ಅಷ್ಟು ಹೊತ್ತು 2000 ವಾಟ್ ಕೊಡಲು 40 ಜೂಲ್ ಶಕ್ತಿ ಕೈಯಲ್ಲಿರಬೇಕು. ಪವರ್ ಸಪ್ಲೈ ಎಷ್ಟೇ ಚಿಕ್ಕದಾದರೂ ಆ ಕೆಪಾಸಿಟರ್‌ ಮಾತ್ರ ದೊಡ್ಡದಾಗಿಯೇ ಉಳಿಯುವುದು ಈ ಕಾರಣಕ್ಕೆ.

ಉಳಿದ ನಷ್ಟವನ್ನು ಹೊಸ ವಸ್ತುಗಳು ಕಡಿತಗೊಳಿಸುತ್ತಿವೆ. ಗ್ಯಾಲಿಯಂ ನೈಟ್ರೈಡ್ ಮತ್ತು ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳು ಬಂದ ಮೇಲೆ ಮೇನ್ಸ್ ವಿದ್ಯುತ್ತನ್ನು ಏಕಮುಖಗೊಳಿಸುವ ಮೊದಲ ಹಂತದ ಡಯೋಡ್ ಸೇತುವೆಯನ್ನೇ ತೆಗೆದುಹಾಕಲು ಸಾಧ್ಯವಾಗಿದೆ. ವೋಲ್ಟೇಜ್ ಏರಿಸುವುದು ಇನ್ನೊಂದು ದಾರಿ. 12 ವೋಲ್ಟ್‌ನಿಂದ 48ಕ್ಕೆ ಏರಿದರೆ ಅದೇ ಶಕ್ತಿಗೆ ಪ್ರವಾಹ ಕಾಲು ಭಾಗ, ತಂತಿಯ ನಷ್ಟ ಹದಿನಾರನೇ ಒಂದು ಭಾಗ. ಗೂಗಲ್ ತನ್ನ 48 ವೋಲ್ಟ್ ರ‍್ಯಾಕ್ ವಿನ್ಯಾಸವನ್ನು 2016ರಲ್ಲಿ ಓಪನ್ ಕಂಪ್ಯೂಟ್ ಪ್ರಾಜೆಕ್ಟ್ ಮೂಲಕ ಹಂಚಿಕೊಂಡದ್ದು ಇದರಿಂದಾಗಿಯೇ.

ಇಷ್ಟೆಲ್ಲ ಜಾಣ್ಮೆಯನ್ನು ಗೋಡೆಯ ಒಂದು ಪ್ಲಗ್ ಹಾಳುಮಾಡಬಲ್ಲದು. ಡಿಜಿಎಕ್ಸ್ ಎಚ್100ರ ಆರು ಪವರ್ ಸಪ್ಲೈಗಳನ್ನು ಮೂರು ಮೂರಾಗಿ ಎರಡು ವಿದ್ಯುತ್ ಮಾರ್ಗಗಳಿಗೆ ಜೋಡಿಸಿದ್ದೀರಿ ಎನ್ನೋಣ. ಒಂದು ಮಾರ್ಗ ಬಿದ್ದರೆ ಉಳಿಯುವುದು ಮೂರು, 9.9 ಕಿಲೋವಾಟ್, ಪೂರ್ಣ ಕೆಲಸಕ್ಕೆ 300 ವಾಟ್ ಕೊರತೆ. ಎರಡೆರಡಾಗಿ ಮೂರು ಮಾರ್ಗಗಳಿಗೆ ಹಂಚಿದರೆ ಮಾತ್ರ ಯಾವ ಮಾರ್ಗ ಬಿದ್ದರೂ ನಾಲ್ಕು ಉಳಿಯುತ್ತವೆ. ಚಿಕ್ಕ ಸರ್ವರ್‌ನ ಎರಡೂ ಕೇಬಲ್ ಒಂದೇ ಸ್ಪೈಕ್ ಬಸ್ಟರ್‌ಗೆ ಸಿಕ್ಕಿಸಿದ್ದರೆ ಎರಡನೆಯದಕ್ಕೆ ಕೊಟ್ಟ ಹಣ ವ್ಯರ್ಥ. ನಿಮ್ಮ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕಿನ ಸರ್ವರ್ ಕೋಣೆಯ ಹೊಣೆ ನಿಮ್ಮದಾಗಿದ್ದರೆ ಆ ಕೇಬಲ್‌ಗಳು ಎಲ್ಲಿಗೆ ಹೋಗುತ್ತವೆ ಎಂದು ಈ ವಾರವೇ ನೋಡಿ. ಬೇರೆ ಬೇರೆ ಎಂಸಿಬಿಗೆ, ಸಾಧ್ಯವಿದ್ದರೆ ಬೇರೆ ಬೇರೆ ಯುಪಿಎಸ್‌ಗೆ ಕೊಡಿಸಿ. ಆಮೇಲೆ ರಜಾ ದಿನವೊಂದನ್ನು ಆರಿಸಿ, ಡೇಟಾದ ಪ್ರತಿಯನ್ನು ತೆಗೆದಿಟ್ಟು, ಒಂದೊಂದೇ ಕೇಬಲ್ ಕಳಚಿ ಪರೀಕ್ಷಿಸಿ.