ಸ್ವಿಚ್ಚಿಗೂ ಜೀವವಿರಲಿ, ದೀಪಕ್ಕೂ ಬುದ್ಧಿಯಿರಲಿ

ಎಷ್ಟೋ ಮನೆಗಳಲ್ಲಿ ಈಗ ಸ್ವಿಚ್ ಬೋರ್ಡಿನ ಮೇಲೊಂದು ಅಂಟುಪಟ್ಟಿ ಕಾಣುತ್ತದೆ. ಅದರ ಮೇಲೆ ಪೆನ್ನಿನಲ್ಲಿ ‘ಆಫ್ ಮಾಡಬೇಡಿ’ ಎಂದು ಬರೆದಿರುತ್ತಾರೆ. ಚಿತ್ರದುರ್ಗದಲ್ಲಿ ವೈರಿಂಗ್ ಕೆಲಸ ಮಾಡುವ ನನಗೆ ಆ ಪಟ್ಟಿ ನೋಡಿದ ಕೂಡಲೇ ಹಿಂದಿನದೆಲ್ಲ ಗೊತ್ತಾಗಿಬಿಡುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಹಬ್ಬಕ್ಕೆ ಬಂದವರು ಪ್ರೀತಿಯಿಂದ ಸ್ಮಾರ್ಟ್ ಬಲ್ಬು ತಂದು ಹಾಕಿದ್ದಾರೆ. ಫೋನಿನಲ್ಲಿ ಒತ್ತಿ ಬಣ್ಣ ಬದಲಿಸಿ ತೋರಿಸಿದ್ದಾರೆ. ರಜೆ ಮುಗಿಸಿ ಬಸ್ಸು ಹತ್ತಿದ್ದಾರೆ. ಮಲಗುವ ಮುಂಚೆ ಸ್ವಿಚ್ ಆರಿಸಿ ರೂಢಿಯಾದ ಅಪ್ಪನ ಕೈ ಮಾತ್ರ ತನ್ನ ಕೆಲಸ ತಾನು ಮಾಡಿದೆ. ಗೋಡೆಯ ಸ್ವಿಚ್ ಆರಿದರೆ ಬಲ್ಬಿಗೆ ಕರೆಂಟೇ ಇಲ್ಲ. ಕರೆಂಟಿಲ್ಲದ ಬಲ್ಬಿಗೆ ಫೋನಿನ ಮಾತು ಮುಟ್ಟುವುದಿಲ್ಲ. ಅದಕ್ಕೇ ಆ ಪಟ್ಟಿ.

ಸ್ಮಾರ್ಟ್ ದೀಪ ಒಳ್ಳೆಯ ವಸ್ತು. ನಮ್ಮ ಮನೆಯಲ್ಲೂ ಇದೆ, ಕೇಳಿದವರ ಮನೆಗೂ ಹಾಕಿಕೊಡುತ್ತೇನೆ. ಆದರೆ ಅದನ್ನು ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂಬುದನ್ನು ಮನೆಯಲ್ಲಿ ಹಗಲೂ ರಾತ್ರಿ ಇರುವವರನ್ನು ನೋಡಿ ತೀರ್ಮಾನಿಸಬೇಕು. ಫೋನ್ ಹಿಡಿಯದವರ ಕೈಗೂ ದೀಪ ಸಿಗಬೇಕು. ಮಿಕ್ಕ ಲೆಕ್ಕವೆಲ್ಲ ಆಮೇಲಿನದು.

ಬಲ್ಬಿನೊಳಗೆ ಏನಿದೆ?

1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ಬೆಳಗಿಸಿದ ಕಾಲದಿಂದ ಬಹಳ ವರ್ಷ ನಮ್ಮ ಮನೆಗಳ ದೀಪ ಎಂದರೆ ತಂತಿ ಕಾದು ಉರಿಯುವ ಬಲ್ಬು. 60 ವ್ಯಾಟಿನ ಆ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. 2015ರ ಕೊನೆಗೆ ಶುರುವಾದ ‘ಹೊಸ ಬೆಳಕು’ ಯೋಜನೆಯಲ್ಲಿ ಕಡಿಮೆ ಬೆಲೆಗೆ ಹಂಚಿದ್ದೂ ಇದೇ 9 ವ್ಯಾಟಿನ ಬಲ್ಬು. ಎಲ್‌ಇಡಿಯ ಬಿಳಿ ಬೆಳಕು ಹುಟ್ಟುವುದು ನೀಲಿ ಬೆಳಕಿನಿಂದ: ನೀಲಿ ಬೆಳಕಿನ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ ಕೊಟ್ಟರೆ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ಆ ನೀಲಿ ಎಲ್‌ಇಡಿಗಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ, ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ, 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಸ್ಮಾರ್ಟ್ ಬಲ್ಬಿನಲ್ಲಿ ಇದೇ ಎಲ್‌ಇಡಿಯ ಜೊತೆಗೆ ಒಂದು ಪುಟ್ಟ ರೇಡಿಯೊ ಇರುತ್ತದೆ. ಹಳದಿ ಛಾಯೆಯ ಚಿಪ್ಪುಗಳು ಒಂದು ಗುಂಪು, ಬಿಳಿ ಛಾಯೆಯವು ಇನ್ನೊಂದು ಗುಂಪು. ಎರಡರ ಪಾಲು ಹೆಚ್ಚುಕಡಿಮೆ ಮಾಡಿದರೆ ಸಂಜೆ ದೀಪದ ಹಳದಿಯಿಂದ ಮಧ್ಯಾಹ್ನದ ಬಿಳುಪಿನವರೆಗೆ ಬೇಕಾದ ಛಾಯೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಹಳದಿ, 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ರಾತ್ರಿ ಮಲಗುವ ಹೊತ್ತಿಗೆ ನೀಲಿ ಹೆಚ್ಚಿರುವ ಬೆಳಕು ಬಿದ್ದರೆ ನಿದ್ದೆ ತರುವ ಮೆಲಟೋನಿನ್ ತಡವಾಗಿ ಸ್ರವಿಸುತ್ತದೆ. ಹಾಗಾಗಿ ಮಲಗುವ ಕೋಣೆಗೆ ಹಳದಿಯೇ ಸರಿ.

ರೇಡಿಯೊದಲ್ಲಿ ಮುಖ್ಯವಾಗಿ ಎರಡು ಬಗೆ. ವೈ-ಫೈ ಬಲ್ಬು ನೇರವಾಗಿ ಮನೆಯ ರೌಟರಿಗೆ ಸೇರಿಕೊಳ್ಳುತ್ತದೆ. ಬೆಲೆ ಕಡಿಮೆ, ಬೇರೆ ಪೆಟ್ಟಿಗೆ ಬೇಡ. ಇಂಥ ಬಲ್ಬುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಗೊತ್ತು. ‘ಬಲ್ಬು ಫೋನಿಗೆ ಸೇರುತ್ತಿಲ್ಲ’ ಎಂದು ಕರೆಸುವ ಮನೆಗಳಲ್ಲಿ ಫೋನು 5 ಗಿಗಾಹರ್ಟ್ಸ್‌ನಲ್ಲಿ ಇರುವುದೇ ಅನೇಕ ಸಲ ಕಾರಣ. ಎರಡನೆಯದು ಜಿಗ್‌ಬೀ. ಇದಕ್ಕೆ ಹಬ್ ಎಂಬ ಪೆಟ್ಟಿಗೆ ಬೇಕು, ಆದರೆ ಒಂದು ಬಲ್ಬು ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ವೈ-ಫೈ ಹಿತ್ತಲಿಗೆ ಮುಟ್ಟದಿದ್ದಾಗ ಈ ದಾಟಿಸುವ ಗುಣ ಬಹಳ ಉಪಕಾರಿ. 2012ರಲ್ಲಿ ಬಂದ ಫಿಲಿಪ್ಸ್ ಹ್ಯೂ ನಡೆದದ್ದು ಜಿಗ್‌ಬೀ ಮೇಲೆಯೇ. 2022ರ ಅಕ್ಟೋಬರ್‌ನಲ್ಲಿ ‘ಮ್ಯಾಟರ್’ ಎಂಬ ಸಾಮಾನ್ಯ ನಿಯಮ ಬಂತು. ಆ ಗುರುತಿರುವ ದೀಪ ಬೇರೆ ಬೇರೆ ಕಂಪನಿಗಳ ಫೋನು, ಸ್ಪೀಕರುಗಳ ಜೊತೆ ಹೊಂದುತ್ತದೆ. ಇಂಟರ್ನೆಟ್ ನಿಂತರೂ ಮನೆಯೊಳಗಿನ ಜಾಲದಲ್ಲೇ ಮಾತು ಕೇಳುತ್ತದೆ. ಈಗ ಕೊಳ್ಳುವವರು ಪೆಟ್ಟಿಗೆಯ ಮೇಲೆ ಆ ಗುರುತು ಹುಡುಕಿ.

ಬಲ್ಬೋ, ಸ್ವಿಚ್ಚೋ?

ನನ್ನನ್ನು ಕೇಳಿದರೆ, ಬುದ್ಧಿ ಬಲ್ಬಿಗಿಂತ ಸ್ವಿಚ್ಚಿಗೆ ಬರುವುದು ಮೇಲು. ಗೋಡೆಯ ಬೋರ್ಡು ಬಿಚ್ಚಿ, ಈಗಿರುವ ಸ್ವಿಚ್ಚಿನ ಹಿಂದೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ರಿಲೇ ಮಾಡ್ಯೂಲ್ ಕೂರಿಸಬಹುದು. ಆಮೇಲೆ ಅದೇ ಹಳೆಯ ಸ್ವಿಚ್ಚು, ಅದೇ ಹಳೆಯ ಬಲ್ಬು. ಮಗ ಬೆಂಗಳೂರಿನಿಂದ ಫೋನಿನಲ್ಲಿ ಆರಿಸಿದರೂ ಆರುತ್ತದೆ, ಅಪ್ಪ ಗೋಡೆಯ ಮೇಲೆ ಒತ್ತಿದರೂ ಹತ್ತುತ್ತದೆ. ಸ್ವಿಚ್ ಮೇಲಿದೆಯೋ ಕೆಳಗಿದೆಯೋ ಎಂಬುದು ಈಗ ಲೆಕ್ಕಕ್ಕಿಲ್ಲ. ಅದರ ಸ್ಥಾನ ಬದಲಾದರೆ ಸಾಕು, ದೀಪದ ಸ್ಥಿತಿಯೂ ಬದಲಾಗುತ್ತದೆ. ಅಂಟುಪಟ್ಟಿ ಬೇಕಾಗುವುದಿಲ್ಲ.

ಇಂಥ ಮಾಡ್ಯೂಲುಗಳಲ್ಲಿ ಹೆಚ್ಚಿನವಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಬೇಕು. ಸಾಮಾನ್ಯ ಸ್ವಿಚ್ಚಿಗೆ ಫೇಸ್ ಒಂದೇ ಸಾಕು, ನ್ಯೂಟ್ರಲ್ ನೇರ ದೀಪಕ್ಕೇ ಹೋಗಿರುತ್ತದೆ. ಮಾಡ್ಯೂಲಿನೊಳಗಿನ ರೇಡಿಯೊ ಮಾತ್ರ ದೀಪ ಆರಿದ್ದಾಗಲೂ ಎಚ್ಚರವಾಗಿರಬೇಕು, ಅದಕ್ಕೆ ಎರಡೂ ತಂತಿ ಬೇಕು. ನಮ್ಮ ಕಡೆಯ ಮನೆಗಳಲ್ಲಿ ಒಂದು ಅನುಕೂಲವಿದೆ. ಸ್ವಿಚ್ ಬೋರ್ಡಿನಲ್ಲೇ ಮೊಬೈಲ್ ಚಾರ್ಜಿಗೋ ಮಿಕ್ಸಿಗೋ ಸಾಕೆಟ್ ಇಟ್ಟಿರುತ್ತೇವೆ, ಆ ಸಾಕೆಟ್ಟಿಗೆಂದು ನ್ಯೂಟ್ರಲ್ ಆಗಲೇ ಬಂದಿರುತ್ತದೆ. ಮೆಟ್ಟಿಲ ಬಳಿಯ ಒಂಟಿ ಸ್ವಿಚ್ಚು, ಬಚ್ಚಲ ಹೊರಗಿನ ಸ್ವಿಚ್ಚುಗಳಲ್ಲಿ ಹಲವು ಸಲ ಇರುವುದಿಲ್ಲ. ಹೊಸ ಮನೆ ಕಟ್ಟುವವರು ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಸಿ, ಪೆಟ್ಟಿಗೆಯನ್ನು ತುಸು ಆಳವಾಗಿ ಕೂರಿಸಿ ಎಂದು ಈಗಲೇ ಹೇಳಿಬಿಡಿ. ಗೋಡೆ ಮುಗಿದ ಮೇಲೆ ಕೊರೆಯುವುದಕ್ಕಿಂತ ಇದು ಬಹಳ ಅಗ್ಗ.

ಬಲ್ಬು ಬದಲಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಬೋರ್ಡು ಬಿಚ್ಚುವ ಕೆಲಸಕ್ಕೆ ಪರವಾನಗಿ ಇರುವ ವೈರ್‌ಮನ್ ಕರೆಸಿ. ಬರೀ ಸ್ವಿಚ್ ಆರಿಸಿದರೆ ಸಾಲದು, ಮೇನ್ ಆರಿಸಬೇಕು, ಟೆಸ್ಟರಿನಲ್ಲಿ ನೋಡಬೇಕು. ಇದು ಜೀವದ ವಿಷಯ.

ಕರೆಂಟು ಹೋಗಿ ಬಂದಾಗ

ಪೆಟ್ಟಿಗೆಯ ಮೇಲೆ ಬರೆಯದ, ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ನಡುರಾತ್ರಿ ಕರೆಂಟು ಹೋಗಿ ಎರಡು ಗಂಟೆಗೆ ಬಂತು ಎನ್ನಿ. ಫೋನಿನಿಂದ ಆರಿಸಿದ್ದ ಸ್ಮಾರ್ಟ್ ಬಲ್ಬಿನ ಮಟ್ಟಿಗೆ ಇದು ಯಾರೋ ಗೋಡೆಯ ಸ್ವಿಚ್ ಹಾಕಿದ ಹಾಗೆಯೇ. ಅದು ಪೂರ್ತಿ ಬೆಳಕಿನಲ್ಲಿ ಹತ್ತಿಕೊಳ್ಳುತ್ತದೆ. ಮಲಗಿದ ಕೂಸು ಎದ್ದು ಅಳುತ್ತದೆ. ಒಳ್ಳೆಯ ಬಲ್ಬುಗಳ ಆ್ಯಪಿನಲ್ಲಿ ‘ಕರೆಂಟು ಬಂದಾಗ ಏನು ಮಾಡಬೇಕು’ ಎಂಬ ಆಯ್ಕೆ ಇರುತ್ತದೆ. ಅಲ್ಲಿ ‘ಹಿಂದಿನ ಸ್ಥಿತಿ’ ಎಂದು ಆಯ್ದಿಡಿ. ಬಲ್ಬು ಹಾಕಿದ ದಿನವೇ ಮಾಡಬೇಕಾದ ಮೊದಲ ಕೆಲಸ ಇದು. ಇನ್‌ವರ್ಟರ್ ಇದ್ದರೆ ರೌಟರನ್ನು ಅದರ ಲೈನಿಗೆ ಹಾಕಿ. ಹಬ್ ಇದ್ದರೆ ಅದನ್ನೂ ಅಲ್ಲಿಗೇ ಸೇರಿಸಿ.

ಮಂಚದಿಂದ ಬಚ್ಚಲವರೆಗೆ

ಮನೆಯ ಎಲ್ಲ ದೀಪಕ್ಕೂ ಬುದ್ಧಿ ಬೇಕಿಲ್ಲ. ನಮ್ಮ ಮನೆಯಲ್ಲಿ ನಾನು ಮೊದಲು ಕೈಹಾಕಿದ್ದು ಅವ್ವನ ಮಂಚದಿಂದ ಬಚ್ಚಲವರೆಗಿನ ದಾರಿಗೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಂಕಾಗುತ್ತದೆ. ಇಪ್ಪತ್ತರ ಹರೆಯದವರ ಅಕ್ಷಿಪಟಕ್ಕೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದರಷ್ಟು ಮಾತ್ರ ಅರವತ್ತು ದಾಟಿದವರಿಗೆ ಮುಟ್ಟುತ್ತದೆ. ರಾತ್ರಿ ಎದ್ದವರಿಗೆ ಸ್ವಿಚ್ ತಡಕಾಡುವ ಆ ನಾಲ್ಕು ಹೆಜ್ಜೆಯೇ ಅಪಾಯದ್ದು.

ಅಲ್ಲಿ ಗೋಡೆಗೆ ಮೊಣಕಾಲಿನ ಎತ್ತರದಲ್ಲಿ ಒಂದು ಚಲನೆ ಗುರುತಿಸುವ ಸೆನ್ಸರ್ ಇಟ್ಟೆ. ಅವ್ವ ಕಾಲು ಕೆಳಗಿಟ್ಟ ಕೂಡಲೇ ಮಂಚದ ಕಾಲಿನ ಬಳಿಯ ಹಳದಿ ದೀಪ ಹತ್ತರಲ್ಲೊಂದು ಪಾಲು ಬೆಳಕಿನಲ್ಲಿ ಹತ್ತುತ್ತದೆ. ಬಚ್ಚಲ ಬಾಗಿಲಿನ ದೀಪವೂ ಜೊತೆಗೇ ಹತ್ತುತ್ತದೆ. ಕಣ್ಣು ಕುಕ್ಕುವುದಿಲ್ಲ, ಹೊಸ್ತಿಲು ಕಾಣುತ್ತದೆ. ಅವರು ಮರಳಿ ಮಲಗಿದ ಮೇಲೆ ತಾನಾಗಿ ಆರುತ್ತದೆ. ಗೋಡೆಯ ಸ್ವಿಚ್ಚೂ ಹಾಗೇ ಇದೆ. ‘ಕೈಗೆ ಸಿಗೋದು ಕೈಗೆ ಸಿಗ್ಲಪ್ಪ’ ಎಂದು ಅವ್ವ ಮೊದಲೇ ಹೇಳಿದ್ದರು.

ಈ ಸೆನ್ಸರ್ ನೋಡುವುದು ಮೈಯಿಂದ ಹೊಮ್ಮುವ ಶಾಖವನ್ನು. ಸುತ್ತಲಿನದಕ್ಕಿಂತ ಬಿಸಿಯಾದದ್ದೊಂದು ಸರಿದಾಡಿದರೆ ಅದಕ್ಕೆ ತಿಳಿಯುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಗೋಡೆಯೂ ಮೈಯಷ್ಟೇ ಕಾದಾಗ ವ್ಯತ್ಯಾಸ ಕಡಿಮೆಯಾಗಿ ಅದು ಮಂಕಾಗುತ್ತದೆ. ಜನ ಸೆನ್ಸರಿನ ಕಡೆಗೇ ನೇರ ಬರುವುದಕ್ಕಿಂತ ಅದರ ಮುಂದೆ ಅಡ್ಡ ಹಾಯುವಂತೆ ಕೂರಿಸಿದರೆ ಬೇಸಿಗೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ.

ಮಾತಿನಿಂದ ದೀಪ ಹಚ್ಚಬಹುದಲ್ಲ ಎನ್ನುತ್ತಾರೆ. ಫೋನಿನಲ್ಲಿ ಕನ್ನಡ ಅರ್ಥ ಮಾಡಿಕೊಳ್ಳುವ ಸಹಾಯಕವಿದೆ. ಆದರೆ ಮನೆಯಲ್ಲಿಡುವ ಸ್ಮಾರ್ಟ್ ಸ್ಪೀಕರುಗಳು ನಮ್ಮ ದೇಶದಲ್ಲಿ ಮುಖ್ಯವಾಗಿ ಇಂಗ್ಲಿಷ್, ಹಿಂದಿಯಲ್ಲೇ ನಡೆಯುತ್ತವೆ. ‘ನಡುಮನೆ ದೀಪ ಹಚ್ಚು’ ಎಂದು ನಮ್ಮವರು ಸಲೀಸಾಗಿ ಹೇಳಿ ಹಚ್ಚಿಸುವ ದಿನ ಬರಲೇಬೇಕು. ಅಲ್ಲಿಯವರೆಗೆ ಹಿರಿಯರಿರುವ ಮನೆಗೆ ಸೆನ್ಸರ್ ಮತ್ತು ಸ್ವಿಚ್ಚೇ ಸರಿ.

ಬಿಲ್ಲಿನ ಲೆಕ್ಕ

ಸ್ಮಾರ್ಟ್ ಬಲ್ಬು ಹಾಕಿದರೆ ಕರೆಂಟು ಬಿಲ್ಲು ಇಳಿಯುತ್ತದೆ ಎಂದು ಮಾರುವವರ ಮಾತು ನಂಬಬೇಡಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ 10.8 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ 1.6 ಯೂನಿಟ್. ದೊಡ್ಡ ಉಳಿತಾಯ ಅಲ್ಲಿಗೇ ಮುಗಿಯಿತು. ಇನ್ನು ಸ್ಮಾರ್ಟ್ ಬಲ್ಬು ಆರಿದ್ದಾಗಲೂ ಅದರ ರೇಡಿಯೊ ಎಚ್ಚರವಾಗಿದ್ದು ಅರ್ಧ ವ್ಯಾಟಿನಷ್ಟು ಎಳೆಯುತ್ತದೆ ಎಂದಿಟ್ಟುಕೊಂಡರೆ, ತಿಂಗಳಿಗೆ 0.36 ಯೂನಿಟ್. ಹತ್ತು ಬಲ್ಬಿಗೆ 3.6 ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯಲ್ಲಿ ಇದು ದೊಡ್ಡದೇನಲ್ಲ, ಆದರೆ ಉಳಿತಾಯವಂತೂ ಅಲ್ಲ. ಉಳಿಸಬೇಕೆಂದರೆ ಫ್ಯಾನ್ ನೋಡಿ. 75 ವ್ಯಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್; 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 10.8. ಸ್ಮಾರ್ಟ್ ದೀಪವನ್ನು ಅನುಕೂಲಕ್ಕೆ, ಸುರಕ್ಷತೆಗೆ ಕೊಳ್ಳಿ.

ಚಂದ್ರವಳ್ಳಿಯ ಕತ್ತಲೆ

ನಮ್ಮ ಮನೆ ಇರುವುದು ಚಂದ್ರವಳ್ಳಿಗೆ ಹೋಗುವ ಕಡೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಬಂಡೆ ಶಾಸನ ಅಲ್ಲಿದೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ನೆಲವೂ ಅದೇ. ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕ ಜಾಗ. ಅಲ್ಲಿನ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಟಾರ್ಚಿಲ್ಲದೆ ತಮ್ಮ ಕೈ ತಮಗೇ ಕಾಣುವುದಿಲ್ಲ. ಅಲ್ಲಿ ಯಾರೂ ಇಡೀ ಗುಹೆ ಬೆಳಗಲಿ ಎಂದು ಕೇಳುವುದಿಲ್ಲ. ಮುಂದಿನ ಮೆಟ್ಟಿಲು ಕಂಡರೆ ಸಾಕು ಎನ್ನುತ್ತಾರೆ. ಮನೆಗೆ ದೀಪ ಹಾಕುವಾಗಲೂ ನಾನು ಇದನ್ನೇ ಹೇಳುತ್ತೇನೆ: ಕಾಲಿಡುವ ಜಾಗಕ್ಕೆ, ಕಾಲಿಡುವ ಹೊತ್ತಿಗೆ ಬೆಳಕಿದ್ದರೆ ಸಾಕು.

ಊರಂಚಿನ ಮನೆಗಳವರು ಕರಡಿ ಭಯಕ್ಕೆ ರಾತ್ರಿಯಿಡೀ ದೊಡ್ಡ ಬಿಳಿ ದೀಪ ಉರಿಸುತ್ತಾರೆ. ಜೋಗಿಮಟ್ಟಿ ಕಾಡು ಪಕ್ಕದಲ್ಲೇ ಇರುವಾಗ ಭಯ ಸಹಜ. ಆದರೆ ಬೆಟ್ಟದ ಜೀವಗಳಿಗೆ ರಾತ್ರಿ ಕತ್ತಲೆಯಾಗಿಯೇ ಇರಬೇಕು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಹುಳುಗಳು ಬಿಳಿ ದೀಪಕ್ಕೆ ಮುಗಿಬೀಳುವುದನ್ನು ನೋಡಿದ್ದೀರಿ. ಹಳದಿ ದೀಪಕ್ಕೆ ಅವು ಅಷ್ಟು ಬರುವುದಿಲ್ಲ. ಅಂಗಳಕ್ಕೆ ಹಳದಿ ಬೆಳಕು, ಮುಖ ಕೆಳಕ್ಕೆ, ಯಾರಾದರೂ ಬಂದಾಗಷ್ಟೇ ಹತ್ತುವ ಸೆನ್ಸರ್: ಇಷ್ಟಿದ್ದರೆ ಸಾಕು. ಸತತ ಉರಿಯುವ ದೀಪಕ್ಕಿಂತ ತಟ್ಟನೆ ಹತ್ತುವ ದೀಪ ಮನೆಯವರನ್ನು ಬೇಗ ಎಚ್ಚರಿಸುತ್ತದೆ ಕೂಡ.

ಸಂಜೆ ದೀಪ ತಾನಾಗಿ ಹತ್ತಲು ಗಡಿಯಾರದ ಹೊತ್ತು ಕೊಡಬೇಡಿ, ‘ಸೂರ್ಯಾಸ್ತ’ ಎಂದು ಕೊಡಿ. ನಮ್ಮಲ್ಲಿ ನವೆಂಬರ್‌ನಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗಿದರೆ ಜುಲೈನಲ್ಲಿ ಏಳರ ಹತ್ತಿರವಾಗುತ್ತದೆ. ಆ್ಯಪಿಗೆ ಊರು ತಿಳಿಸಿದರೆ ಈ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಅದು ಸಂಪರ್ಕಗಳ ಪಟ್ಟಿ, ಫೋಟೊ ಕೇಳಿದರೆ ಮಾತ್ರ ಕೊಡಬೇಡಿ. ದೀಪಕ್ಕೆ ಅವು ಬೇಕಿಲ್ಲ. ರೌಟರಿನ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿ.

ಊರಿಗೆ ದೀಪ ತರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಮಂಚದಿಂದ ಬಚ್ಚಲಿಗೆ, ಮೆಟ್ಟಿಲಿಗೆ, ಅಂಗಳಕ್ಕೆ ಮೊದಲು ಹಾಕಿ. ಬಣ್ಣದ ದೀಪ ಆಮೇಲೆ. ಎಲ್ಲ ಮುಗಿದ ಮೇಲೆ ರೌಟರ್ ಆರಿಸಿ, ನಿಮ್ಮ ಫೋನು ಜೇಬಿಗೆ ಹಾಕಿಕೊಂಡು, ಮನೆಯ ಹಿರಿಯರಿಗೆ ದೀಪ ಹಚ್ಚಲು ಹೇಳಿ. ಅವರು ಯಾರನ್ನೂ ಕೇಳದೆ ಹಚ್ಚಿದರೆ ನಿಮ್ಮ ಕೆಲಸ ಸರಿಯಾಗಿದೆ. ಹಚ್ಚಲು ಆಗದಿದ್ದರೆ, ಬಸ್ಸು ಹತ್ತುವ ಮುಂಚೆ ಅದನ್ನು ಸರಿಮಾಡಿ ಹೋಗಿ.